ಮತವನ್ನು ಬಿಟ್ಟ ಬಾಳಿಗೆ ಧರ್ಮದ ನೆಲೆ

೧

ದೇವರ ಅಂಜಿಕೆ ಹೋದಮೇಲೆ ಮನುಷ್ಯನಿಗೆ ಮೂಗುದಾರ ಯಾವುದು? ಈ ಪ್ರಶ್ನೆ ಪಂಡಿತರದು ಮಾತ್ರವಲ್ಲ. ಓದಿದ ಮಗನು ಸಂಧ್ಯಾವಂದನೆಯನ್ನು ಬಿಟ್ಟನೆಂದು ತಿಳಿದ ದಿನ ತಂದೆಯ ಮನಸ್ಸಿನಲ್ಲಿ ಏಳುವ ಪ್ರಶ್ನೆ ಇದೇ. ತುಳಸಿಯ ಕಟ್ಟೆಯ ಮುಂದೆ ದೀಪ ಹಚ್ಚಿ ಬರುವ ಅಜ್ಜಿಯೂ ಮೊಮ್ಮಗಳನ್ನು ಇದನ್ನೇ ಬೇರೆ ಮಾತಿನಲ್ಲಿ ಕೇಳುವಳು. ಮಗನು ಹೇಳುವ ಉತ್ತರವೂ ಗೊತ್ತಿದ್ದುದೇ: ಒಳ್ಳೆಯವನಾಗಿ ಬಾಳುವುದಕ್ಕೆ ದೇವರು ಬೇಕೆಂದಿಲ್ಲ. ಆದರೆ ಈ ಉತ್ತರದಿಂದ ತಂದೆಗೆ ಸಮಾಧಾನವಾಗುವುದಿಲ್ಲ. ಆಗದಿರುವುದಕ್ಕೆ ಕಾರಣವೂ ಇರುವುದು.

ಕನ್ನಡದಲ್ಲಿ ‘ಧರ್ಮ’ವೆಂಬ ಒಂದೇ ಶಬ್ದವು ಎರಡು ಹೊರೆಗಳನ್ನು ಹೊತ್ತು ನಡೆಯುತ್ತಿರುವುದು. ಹಿಂದೂ ಧರ್ಮ, ಜೈನ ಧರ್ಮ ಎನ್ನುವಲ್ಲಿ ಅದು ಮತ. ಅಂದರೆ ನಂಬಿಕೆ, ಆಚಾರ, ಗುರು, ಮಠ, ಜಾತಿ ಇವೆಲ್ಲದರ ಮೊತ್ತ. ಧರ್ಮಛತ್ರ, ಧರ್ಮಾಸ್ಪತ್ರೆ ಎನ್ನುವಲ್ಲಿಯೂ, ಅನ್ಯಾಯಕ್ಕೆ ಒಳಗಾದವನು ‘ಇದು ಧರ್ಮವೇ?’ ಎಂದು ಕೇಳುವಲ್ಲಿಯೂ ಅದು ದಯೆ, ನ್ಯಾಯ, ಋಜುತ್ವ. ಎರಡು ಹೊರೆಗಳೂ ಒಂದೇ ತಲೆಯ ಮೇಲಿರುವುದರಿಂದ, ಒಂದನ್ನು ಇಳಿಸಿದವನು ಇನ್ನೊಂದನ್ನೂ ಇಳಿಸಿದನೆಂದು ಜನರು ಬಗೆಯುವುದು ಸಹಜವಾಗಿರುವುದು. ‘ಅವನಿಗೆ ಧರ್ಮಕರ್ಮವೊಂದೂ ಇಲ್ಲ’ ಎಂಬ ಬೈಗುಳಿನಲ್ಲಿ ನಾಸ್ತಿಕನೂ ಕಟುಕನೂ ಒಂದೇ ಪಂಕ್ತಿಯಲ್ಲಿ ಕುಳಿತುಬಿಡುವರು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ದಯೆಯನ್ನೇ ಧರ್ಮದ ಬೇರೆಂದು ಸಾರಿ ಈ ತೊಡಕನ್ನು ಬಿಡಿಸಲು ಯತ್ನಿಸಿದರು. ಆದರೆ ಅವರ ದಯೆ ಕೂಡಲಸಂಗಮನ ಎದುರಿನಲ್ಲಿ ನಿಂತ ದಯೆ. ಇಂದಿನ ಪ್ರಶ್ನೆ ಇನ್ನೂ ಒಂದು ಹೆಜ್ಜೆ ಮುಂದಿನದು: ಎದುರಿನಲ್ಲಿ ಯಾರೂ ಇಲ್ಲವೆಂದು ತಿಳಿದವನಲ್ಲಿ ಆ ದಯೆ ನಿಲ್ಲುವುದೇ?

ಈ ಪ್ರಶ್ನೆಯನ್ನು ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯಿಂದ ಹೊರಟ ಸಾಹಿತ್ಯವು ವಿಶೇಷ ತೀಕ್ಷ್ಣತೆಯಿಂದ ಎತ್ತಿರುವುದು ಆಕಸ್ಮಿಕವಲ್ಲ. ಅರಳಸುರಳಿಯಂತಹ ಊರಿನಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ತೋಟ, ಗದ್ದೆ, ಹಾಡ್ಯ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಅಕ್ಕಪಕ್ಕವೆಂಬುದೇ ಇಲ್ಲ. ಇಂತಹ ನೆಲದಲ್ಲಿ ಮನುಷ್ಯನಿಗೆ ಮನುಷ್ಯನು ಬೇಕಾಗುವ ಅಗತ್ಯ ಬಯಲುಸೀಮೆಗಿಂತ ಹೆಚ್ಚು ಬರಿದಾಗಿ ಕಾಣುವುದು. ಮುಯ್ಯಾಳು ಎಂಬ ಪದ್ಧತಿ ಈ ಅಗತ್ಯದಿಂದ ಹುಟ್ಟಿತು. ಇಂದು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು: ಈ ಒಪ್ಪಂದಕ್ಕೆ ಶಾಸ್ತ್ರದ ಆಧಾರವನ್ನು ಯಾರೂ ಕೇಳಲಿಲ್ಲ. ಅದೇ ಸೀಮೆಯಲ್ಲಿ ಮಠಗಳೂ ಅಗ್ರಹಾರಗಳೂ ಬಸದಿಗಳೂ ಭೂತ ಚೌಡಿಗಳ ಬನಗಳೂ ಒತ್ತೊತ್ತಾಗಿರುವುವು. ಆದಕಾರಣ ಮತದ ಬಿಗಿಯೂ ಮತವನ್ನು ಕೇಳದ ನೆರೆಹೊರೆಯ ಕಟ್ಟಳೆಯೂ ಇಲ್ಲಿ ಒಂದೇ ಅಂಗಳದಲ್ಲಿ ಎದುರುಬದುರಾಗಿ ನಿಲ್ಲುವುವು. ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಅವರೂ, ಮೇಳಿಗೆಯಲ್ಲಿ ಹುಟ್ಟಿದ ಯು. ಆರ್. ಅನಂತಮೂರ್ತಿಯವರೂ ಈ ಎದುರುಬದುರನ್ನು ಕಣ್ಣಾರೆ ಕಂಡವರು.

೨

ಅನಂತಮೂರ್ತಿಯವರ ‘ಸಂಸ್ಕಾರ’ ೧೯೬೫ರಲ್ಲಿ ಪ್ರಕಟವಾಯಿತು. ೧೯೭೦ರಲ್ಲಿ ಅದು ಚಲನಚಿತ್ರವಾದಾಗ ಎದ್ದ ಗದ್ದಲವನ್ನು ಬಲ್ಲವರು ಕಾದಂಬರಿಯನ್ನು ಬ್ರಾಹ್ಮಣ್ಯದ ಮೇಲಿನ ಆಕ್ಷೇಪವೆಂದು ಬಗೆದರು. ಹಾಗೆ ಓದಿ ಮುಚ್ಚಿಟ್ಟವರೂ ಬಹುಮಂದಿ. ಆದರೆ ಕೃತಿಯ ನಡುವಿನ ಪ್ರಶ್ನೆ ಜಾತಿಯೊಂದರ ದೋಷಕ್ಕಿಂತ ಆಳವಾದುದು. ತುಂಗೆಯ ದಡದ ದೂರ್ವಾಸಪುರದಲ್ಲಿ ನಾರಣಪ್ಪನೆಂಬವನು ಸತ್ತನು. ಅವನು ಸಾಲಿಗ್ರಾಮವನ್ನು ಹೊಳೆಗೆ ಎಸೆದವನು, ಮುಸಲ್ಮಾನರೊಡನೆ ಉಂಡವನು, ದೇವರ ಕೊಳದ ಮೀನನ್ನು ಹಿಡಿದವನು, ಕಟ್ಟಿಕೊಂಡ ಹೆಂಡತಿಯನ್ನು ಬಿಟ್ಟು ಕುಂದಾಪುರದ ಚಂದ್ರಿಯನ್ನು ಇಟ್ಟುಕೊಂಡವನು. ಇಂತಹವನ ಶವಕ್ಕೆ ಕೊಳ್ಳಿ ಇಡುವವರು ಯಾರು? ಶವವಿರುವಾಗ ಅಗ್ರಹಾರದಲ್ಲಿ ಒಲೆ ಉರಿಯುವಂತಿಲ್ಲ. ಮುಟ್ಟಿದರೆ ಮೈಲಿಗೆಯ ಭಯ, ಮುಟ್ಟದಿದ್ದರೆ ಹಸಿವು. ಎಲ್ಲರೂ ಪ್ರಾಣೇಶಾಚಾರ್ಯರ ಮುಖ ನೋಡುವರು. ಅವರು ತಾಳೆಗರಿಗಳನ್ನು ನೋಡುವರು. ಅಲ್ಲಿ ಉತ್ತರ ಸಿಕ್ಕದೆ ಮಾರುತಿಯ ಗುಡಿಯಲ್ಲಿ ಪ್ರಸಾದಕ್ಕಾಗಿ ಕಾಯುವರು. ಮಾರುತಿಯು ಎಡದ ಹೂವನ್ನೂ ಕೊಡುವುದಿಲ್ಲ, ಬಲದ ಹೂವನ್ನೂ ಕೊಡುವುದಿಲ್ಲ.

ವಿಮರ್ಶಕರು ಬಹುಮಟ್ಟಿಗೆ ಇಲ್ಲಿಂದ ಪ್ರಾಣೇಶಾಚಾರ್ಯರ ಬೆನ್ನು ಹಿಡಿದು ಕಾಡಿಗೂ, ಅಲ್ಲಿಂದ ಜಾತ್ರೆಗೂ ಹೋಗುವರು. ಕಾದಂಬರಿಕಾರರೂ ಹಾಗೆಯೇ ಹೋಗಿರುವರು. ಆದರೆ ಪ್ರಶ್ನೆಯ ಉತ್ತರವು ಆಚಾರ್ಯರ ಹಿಂದೆ ಹೋಗದೆ ಅಗ್ರಹಾರದಲ್ಲಿಯೇ ಒಂದು ರಾತ್ರಿ ನಡೆದುಹೋಗುವುದು. ಚಂದ್ರಿಯು ಶವ ಕೆಡುತ್ತಿರುವುದನ್ನು ಕಂಡು ಮೊದಲು ಗಾಡಿಯ ಶೇಷಪ್ಪನನ್ನು ಬೇಡುವಳು. ಬ್ರಾಹ್ಮಣನ ಹೆಣವನ್ನು ಮುಟ್ಟಿ ತಾನು ಪಾಪಕ್ಕೆ ಗುರಿಯಾಗಲಾರೆನೆಂದು ಅವನು ಅಂಜುವನು. ತರುವಾಯ ಅವಳು ಮೀನಿನ ವ್ಯಾಪಾರದ ಅಹಮದ್ ಬ್ಯಾರಿಯಲ್ಲಿಗೆ ಹೋಗುವಳು. ಹಿಂದೊಮ್ಮೆ ಕಷ್ಟಕಾಲದಲ್ಲಿ ನಾರಣಪ್ಪನು ಅವನಿಗೆ ಹಣ ಕೊಟ್ಟು ನೆರವಾಗಿದ್ದನು. ಬ್ಯಾರಿಯು ಹೆಚ್ಚು ಮಾತಾಡುವುದಿಲ್ಲ. ಗಾಡಿ ಹೂಡಿ ಬಂದು, ಕತ್ತಲೆಯಲ್ಲಿ ಶವವನ್ನು ಸಾಗಿಸಿ, ಸುಟ್ಟು, ಹೊರಟುಹೋಗುವನು. ಅಗ್ರಹಾರದ ವಿಪ್ರರಿಗೆ ಈ ಸಂಗತಿ ತಿಳಿಯದು. ಸುಟ್ಟುಹೋದ ಹೆಣದ ಸಂಸ್ಕಾರವನ್ನು ಕುರಿತು ಅವರು ಊರಿಂದೂರಿಗೆ, ಮಠದವರೆಗೂ ನಡೆದು ಜಿಜ್ಞಾಸೆ ಮಾಡುತ್ತಿರುವರು.

ಇಡೀ ಕೃತಿಯ ಹುರುಳು ಈ ಸಣ್ಣ ಪ್ರಸಂಗದಲ್ಲಿ ಅಡಗಿರುವುದೆಂದರೆ ತಪ್ಪಾಗಲಾರದು. ವಿದ್ಯೆ, ತಪಸ್ಸು, ಶಾಸ್ತ್ರ, ದೇವರು ಇವು ನಾಲ್ಕೂ ಕೂಡಿ ಮಾಡಲಾರದೆ ಹೋದ ಕೆಲಸವನ್ನು ಉಪಕಾರಸ್ಮರಣೆಯೊಂದು ಮಾಡಿ ಮುಗಿಸಿತು. ಬ್ಯಾರಿಯ ದೃಷ್ಟಿಯಲ್ಲಿ ನಾರಣಪ್ಪನು ಪತಿತನಲ್ಲ, ಬ್ರಾಹ್ಮಣನೂ ಅಲ್ಲ. ತನಗೊಮ್ಮೆ ಕೈಹಿಡಿದ ಮನುಷ್ಯನು. ಸುಡುವುದು ಅವನ ಮತದ ಪದ್ಧತಿಯೂ ಅಲ್ಲ. ಸತ್ತವನಿಗೆ ಸಲ್ಲಬೇಕಾದುದನ್ನು ಸತ್ತವನ ರೀತಿಯಲ್ಲಿಯೇ ಸಲ್ಲಿಸಿದ ಈ ಸೂಕ್ಷ್ಮತೆಯನ್ನು ಅವನಿಗೆ ಯಾವ ಗ್ರಂಥವೂ ಕಲಿಸಿದಂತೆ ಕಾದಂಬರಿ ಹೇಳುವುದಿಲ್ಲ.

ಹಾಗೆಂದು ‘ಸಂಸ್ಕಾರ’ವನ್ನು ನಾಸ್ತಿಕತೆಯ ಪ್ರಶಂಸೆಯೆಂದು ಓದುವುದು ಸರಿಯಾಗದು. ಕೃತಿಯಲ್ಲಿ ಮತವನ್ನು ಬುದ್ಧಿಪೂರ್ವಕವಾಗಿ ಬಿಟ್ಟವನು ನಾರಣಪ್ಪನೊಬ್ಬನೇ. ಅವನ ಬಾಳು ಆದರ್ಶವಾಗಲಿಲ್ಲ. ಅವನು ಕಟ್ಟನ್ನು ಹರಿದನೇ ಹೊರತು ಹೊಸ ಹೊಣೆಯೊಂದನ್ನು ಹೊರಲಿಲ್ಲ. ಅವನ ಪ್ರತಿಯೊಂದು ಕೆಲಸವೂ ಅಗ್ರಹಾರವನ್ನು ಕೆಣಕುವುದಕ್ಕಾಗಿ. ಹೀಗೆ ಸದಾ ಆಚಾರಕ್ಕೆ ಬೆನ್ನು ತಿರುಗಿಸಿ ನಡೆದವನಿಗೂ ಆಚಾರವೇ ದಿಕ್ಸೂಚಿಯಾಗಿ ಉಳಿಯುವುದು. ಚಂದ್ರಿಯಂತೂ ಅವಿಶ್ವಾಸಿಯಲ್ಲ. ಸಂಸ್ಕಾರವಾಗದೆ ಹೋದರೆ ಸತ್ತವನಿಗೆ ಗತಿಯಿಲ್ಲವೆಂಬ ಅಳಲಿನಿಂದ ಮೈಮೇಲಿನ ಚಿನ್ನವನ್ನು ಬಿಚ್ಚಿಟ್ಟವಳು ಅವಳು. ಆ ಚಿನ್ನವನ್ನು ಕಂಡೊಡನೆ ನಿಷಿದ್ಧವಾಗಿದ್ದ ಶವಕ್ಕೆ ಹಕ್ಕುದಾರರು ಹುಟ್ಟಿಕೊಂಡುದು ಬೇರೆ ಮಾತು. ಒಟ್ಟಿನಲ್ಲಿ ಕಾದಂಬರಿ ತೋರಿಸುವುದು ಇಷ್ಟು: ನೀತಿಯು ಶಾಸ್ತ್ರದ ಮಗುವಲ್ಲ. ಆಸ್ತಿಕಳಾದ ಚಂದ್ರಿಯಲ್ಲಿಯೂ ಅನ್ಯಮತದ ಬ್ಯಾರಿಯಲ್ಲಿಯೂ ಅದು ಮನುಷ್ಯ ಮನುಷ್ಯರ ನಡುವಿನ ಋಣದಿಂದ ಹುಟ್ಟಿತು. ಶಾಸ್ತ್ರವನ್ನು ಬಲ್ಲವರಲ್ಲಿ ಆ ಋಣದ ಅರಿವಿಗೆ ಶಾಸ್ತ್ರವೇ ಅಡ್ಡ ಬಂದಿತು.

ಕೃತಿಯ ಕೊರತೆಯೂ ಇಲ್ಲಿಯೇ ಇರುವುದು. ಬ್ಯಾರಿಗೆ ದೊರೆತಿರುವುದು ಕೆಲವೇ ಸಾಲುಗಳು. ಪ್ರಾಣೇಶಾಚಾರ್ಯರ ತಳಮಳಕ್ಕೆ ಪುಟಗಟ್ಟಲೆ ಎಡೆ ಸಿಕ್ಕಿರುವುದು. ತಮ್ಮ ರೋಗಿಷ್ಠ ಪತ್ನಿಯ ಶುಶ್ರೂಷೆಯನ್ನು ಪುಣ್ಯಸಂಪಾದನೆಯೆಂದು ತಿಳಿದಿದ್ದ ಆಚಾರ್ಯರು, ಆ ಸೇವೆಯಲ್ಲಿ ಅವಳಿಗಿಂತ ತಮ್ಮ ಮೋಕ್ಷವೇ ಮುಖ್ಯವಾಗಿತ್ತೆಂದು ಕಂಡುಕೊಳ್ಳುವ ಹಾದಿಯಲ್ಲಿರುವರು. ಅದು ನಿಜವಾಗಿಯೂ ದೊಡ್ಡ ವಸ್ತು. ಆದರೆ ತಪ್ಪಿದ ಮೇಲೆಯೂ ಅವರ ಕಣ್ಣು ತಮ್ಮ ಮೇಲೆಯೇ ನೆಟ್ಟಿರುವುದು. ಮೊದಲು ತಮ್ಮ ಮುಕ್ತಿ, ಅನಂತರ ತಮ್ಮ ಪತನ, ಆಮೇಲೆ ತಮ್ಮ ನಿರ್ಣಯ. ಕೇರಿಯಲ್ಲಿ ಅದೇ ರೋಗದಿಂದ ಸತ್ತವರನ್ನು ಗುಡಿಸಲ ಸಮೇತ ಸುಟ್ಟರು. ಅವರ ಸಂಸ್ಕಾರಕ್ಕೆ ಚರ್ಚೆ ನಡೆಯಲಿಲ್ಲ, ಆಚಾರ್ಯರ ಯೋಚನೆಯಲ್ಲಿ ಅವರಿಗೆ ಸ್ಥಳವೂ ಇಲ್ಲ. ಲೇಖಕರು ಈ ವೈದೃಶ್ಯವನ್ನು ಕಂಡಿರುವರು, ಆದರೆ ಅದರ ಬಳಿ ನಿಲ್ಲುವುದಿಲ್ಲ. ಯೋಚಿಸುವವನ ಸಂಕಟ ಅವರಿಗೆ ಆಪ್ತವಾಗಿರುವಷ್ಟು, ಯೋಚಿಸದೆ ಸರಿಯಾದುದನ್ನು ಮಾಡಿದವನ ಮನಸ್ಸು ಆಪ್ತವಾಗಲಿಲ್ಲ. ಆದುದರಿಂದ ಕಥೆಯು ಒಂದು ನಿರೀಕ್ಷೆಯಲ್ಲಿ ಕೊನೆಗಾಣುವುದು. ಮತದ ಹೊರಗೆ ಕಾಲಿಟ್ಟವನು ಮರುದಿನ ಹೇಗೆ ಬಾಳುವನೆಂಬುದು ಓದುಗನಿಗೆ ತಿಳಿಯದೆ ಉಳಿಯುವುದು.

೩

ಆ ಮರುದಿನದ ಪ್ರಶ್ನೆಗೆ ಕುವೆಂಪು ಅವರಲ್ಲಿ ಬೇರೊಂದು ದಿಕ್ಕಿನ ಉತ್ತರ ದೊರೆಯುವುದು. ೧೯೨೮ರ ‘ಜಲಗಾರ’ ನಾಟಕದಲ್ಲಿ ಜನರೆಲ್ಲ ಶಿವನ ಜಾತ್ರೆಗೆ ಹೊರಟಿರುವಾಗ ಬೀದಿ ಗುಡಿಸುವವನೊಬ್ಬನು ತನ್ನ ಕೆಲಸದಲ್ಲಿಯೇ ನಿಲ್ಲುವನು. ಗುಡಿಗೆ ಅವನಿಗೆ ಪ್ರವೇಶವಿಲ್ಲ. ಶಿವನು ಗುಡಿಯನ್ನು ಬಿಟ್ಟು, ಜಲಗಾರನ ರೂಪಿನಲ್ಲಿಯೇ ಅವನ ಎದುರಿಗೆ ಬರುವನು. ಇಲ್ಲಿ ಪೂಜೆ ಹೋಗಿ ಕಾಯಕ ನಿಂತಿತು, ಪುರೋಹಿತನು ಹೋಗಿ ಮನುಷ್ಯನು ನಿಂತನು. ಆದರೆ ಶಿವನು ಹೋಗಲಿಲ್ಲ ಎಂಬುದನ್ನು ಮರೆಯಬಾರದು. ‘ಶೂದ್ರ ತಪಸ್ವಿ’ಯಲ್ಲಿಯೂ, ನಿರಂಕುಶಮತಿಗಳಾಗಿರೆಂದು ತರುಣರಿಗೆ ಕರೆಕೊಟ್ಟ ಭಾಷಣದಲ್ಲಿಯೂ ಅವರ ಖಡ್ಗ ಎತ್ತಿರುವುದು ಪೌರೋಹಿತ್ಯದ ಮೇಲೆ, ಮೌಢ್ಯದ ಮೇಲೆ, ಹುಟ್ಟಿನಿಂದ ಬಂದ ಮೇಲುಕೀಳಿನ ಮೇಲೆ. ಶ್ರೀರಾಮಕೃಷ್ಣ ವಿವೇಕಾನಂದರ ಪರಂಪರೆಯಲ್ಲಿ ದೀಕ್ಷೆ ಪಡೆದ ಕವಿ ಆತ್ಮವನ್ನು ಅಲ್ಲಗಳೆದವರಲ್ಲ. ಅವರು ಸಾರಿದ ಮನುಜಮತ, ವಿಶ್ವಪಥ, ಸರ್ವೋದಯ, ಸಮನ್ವಯ, ಪೂರ್ಣದೃಷ್ಟಿ ಎಂಬ ಐದು ತತ್ತ್ವಗಳಲ್ಲಿ ಮೊದಲನೆಯದರ ಹೆಸರೇ ಇದಕ್ಕೆ ಸಾಕ್ಷಿ. ‘ಮತ’ವೆಂಬ ಶಬ್ದವನ್ನು ಅವರು ಕಿತ್ತೊಗೆಯಲಿಲ್ಲ, ಅದರ ಹಿಂದಿನ ಜಾತಿಯ ಹೆಸರನ್ನು ಅಳಿಸಿ ಮನುಷ್ಯನ ಹೆಸರನ್ನು ಬರೆದರು.

ಇಂದಿನ ವಿಚಾರವಾದಿಗಳಲ್ಲಿ ಕೆಲವರು ಕುವೆಂಪು ಅವರನ್ನು ಪೂರ್ಣ ನಿರೀಶ್ವರವಾದಿಗಳೆಂದೂ, ಭಕ್ತರಲ್ಲಿ ಕೆಲವರು ಕೇವಲ ಋಷಿಗಳೆಂದೂ ತಮ್ಮ ತಮ್ಮ ಕಡೆಗೆ ಎಳೆದುಕೊಳ್ಳುವುದುಂಟು. ಎರಡೂ ಅರ್ಧಸತ್ಯಗಳು. ಅವರ ಹೆಚ್ಚಳವೆಂದರೆ, ಮನುಷ್ಯನಿಗೆ ತರ್ಕವಷ್ಟೇ ಸಾಲದು, ಬಾಳಿನ ದೊಡ್ಡ ಗಳಿಗೆಗಳಲ್ಲಿ ನಾಲ್ಕು ಜನರೆದುರು ಆಡಬೇಕಾದ ಮಾತೂ ಮಾಡಬೇಕಾದ ವಿಧಿಯೂ ಅವನಿಗೆ ಬೇಕೆಂಬುದನ್ನು ಅರಿತುಕೊಂಡುದು. ಆ ಅರಿವಿನ ಫಲವೇ ‘ಮಂತ್ರಮಾಂಗಲ್ಯ’. ೧೯೬೬ರಲ್ಲಿ ತಮ್ಮ ಪುತ್ರರಾದ ಪೂರ್ಣಚಂದ್ರ ತೇಜಸ್ವಿಯವರ ವಿವಾಹವನ್ನು ಈ ರೀತಿಯಲ್ಲಿ ನಡೆಸಿದರು. ಪುರೋಹಿತನಿಲ್ಲ, ಮುಹೂರ್ತದ ಹಂಗಿಲ್ಲ, ವರದಕ್ಷಿಣೆಯಿಲ್ಲ, ಸಾಲ ಮಾಡಿ ಊರೂಟ ಹಾಕುವ ಡಂಬವಿಲ್ಲ. ವಧೂವರರು ತಾವು ಆಡುವ ಮಾತಿನ ಅರ್ಥವನ್ನು ತಿಳಿದು ಆಡಬೇಕೆಂಬುದೊಂದೇ ನಿಯಮ. ಮದುವೆಯ ಸಾಲದಲ್ಲಿ ತೋಟವನ್ನು ಅಡವಿಟ್ಟ ಮನೆಗಳನ್ನು ಕಂಡಿರುವ ಮಲೆನಾಡಿಗೆ ಇದು ಎಷ್ಟು ದೊಡ್ಡ ಕೊಡುಗೆಯೆಂಬುದನ್ನು ವಿವರಿಸಬೇಕಾಗಿಲ್ಲ. ಆದರೂ ಆತ್ಮದಲ್ಲಿಯೂ ನಂಬಿಕೆಯಿಲ್ಲದವನು ಕುವೆಂಪು ಅವರ ಮಂಟಪದ ಹೊಸ್ತಿಲಲ್ಲಿ ಒಂದು ಕ್ಷಣ ಹಿಂಜರಿಯುವನು. ಪೂರ್ಣದೃಷ್ಟಿಯೆಂಬ ಮಾತಿನ ಹಿಂದೆ ಪೂರ್ಣವೊಂದು ಇರುವುದೆಂಬ ಶ್ರದ್ಧೆ ಅಡಗಿರುವುದು. ಆ ಶ್ರದ್ಧೆಯಿಲ್ಲದವನಿಗೆ ಏನು ಗತಿ?

೪

ಅಂತಹವನ ಪರವಾಗಿ ಕನ್ನಡದಲ್ಲಿ ನೇರವಾಗಿ ಮಾತಾಡಿದವರು ಎ. ಎನ್. ಮೂರ್ತಿರಾಯರು. ‘ಹಗಲುಗನಸುಗಳು’ ಬರೆದ ಲಲಿತ ಪ್ರಬಂಧಕಾರರು ೧೯೯೧ರಲ್ಲಿ, ತಮ್ಮ ವಯಸ್ಸು ತೊಂಬತ್ತನ್ನು ದಾಟಿದಾಗ, ‘ದೇವರು’ ಎಂಬ ಗ್ರಂಥವನ್ನು ಪ್ರಕಟಿಸಿದರು. ಅದಕ್ಕೆ ಪಂಪ ಪ್ರಶಸ್ತಿಯೂ ಸಂದಿತು. ಸಾಮಾನ್ಯರು ದೇವರ ಕಡೆಗೆ ತಿರುಗುವ ವಯಸ್ಸಿನಲ್ಲಿ ಅವರು ದೇವರಿಲ್ಲವೆಂದು ನಿಶ್ಚಯವಾಗಿ ಹೇಳಿದುದು ಜನರನ್ನು ಬೆರಗುಗೊಳಿಸಿತು. ಗ್ರಂಥದ ವಾದದ ತಿರುಳು ಹಳೆಯದೇ: ಲೋಕದಲ್ಲಿ ನಿರಪರಾಧಿಗಳು ಪಡುವ ನೋವನ್ನು ಕಂಡಮೇಲೆ, ಸರ್ವಶಕ್ತನೂ ಪರಮ ದಯಾಳುವೂ ಆದ ಒಬ್ಬನು ಇದನ್ನೆಲ್ಲ ನಡೆಸುತ್ತಿರುವನೆಂದು ನಂಬುವುದು ಹೇಗೆ? ಪ್ರಶ್ನೆ ಹಳೆಯದಾದರೂ ಧಾಟಿ ಹೊಸದು. ಭಕ್ತರನ್ನು ಹೀಯಾಳಿಸುವ ದನಿ ಅಲ್ಲಿಲ್ಲ. ಎದುರು ಕುಳಿತ ಸ್ನೇಹಿತನೊಡನೆ ಕಾಫಿ ಕುಡಿಯುತ್ತ ಭಿನ್ನಾಭಿಪ್ರಾಯವನ್ನು ಹೇಳುವ ಸೌಜನ್ಯ ಪ್ರತಿ ಪುಟದಲ್ಲಿಯೂ ಉಂಟು. ದೇವರನ್ನು ನಂಬದವನು ಉದ್ಧಟನೇ ಆಗಿರಬೇಕಿಲ್ಲವೆಂಬುದಕ್ಕೆ ಗ್ರಂಥದ ಶೈಲಿಯೇ ಪ್ರಮಾಣವಾಗಿರುವುದು. ನಾರಣಪ್ಪನನ್ನು ಓದಿ ಹೆದರಿದ ಮನೆಗಳು ಮೂರ್ತಿರಾಯರನ್ನು ಓದಿ ಹೆದರಬೇಕಾಗಿಲ್ಲ.

ಗ್ರಂಥದ ಮಿತಿಯನ್ನೂ ಹೇಳುವುದು ಅವಶ್ಯ. ಅದರ ಜಗಳವಿರುವುದು ದೇವರೊಡನೆ. ಜನರು ಮತವನ್ನು ಹಿಡಿದಿರುವುದಾದರೋ ಬಹುಮಟ್ಟಿಗೆ ದೇವರಿಗಾಗಿ ಅಲ್ಲ. ಮದುವೆಗೆ ಹೆಣ್ಣು ಸಿಕ್ಕಬೇಕು, ಸತ್ತಾಗ ಹೊರುವವರು ಬರಬೇಕು, ಹಬ್ಬದ ದಿನ ಮನೆ ಬಣಗುಡಬಾರದು, ತಾಯಿಯ ಕಣ್ಣಲ್ಲಿ ನೀರು ಬರಬಾರದು. ಇವು ತರ್ಕಕ್ಕೆ ಸಿಕ್ಕದ ಕಟ್ಟುಗಳು. ದೇವರಿಲ್ಲವೆಂದು ಸಿದ್ಧಪಡಿಸಿದ ಮಾತ್ರಕ್ಕೆ ಈ ಕಟ್ಟುಗಳು ಸಡಿಲವಾಗುವುದಿಲ್ಲ, ಸಡಿಲವಾದವನಿಗೆ ಹೊಸ ನಂಟು ಒದಗುವುದೂ ಇಲ್ಲ. ಓದುವ ಕೋಣೆಯಲ್ಲಿ ಗೆದ್ದ ವಾದವು ಸೂತಕದ ಮನೆಯಲ್ಲಿ ಏನು ಮಾಡಬೇಕೆಂದು ತಿಳಿಯದೆ ಬಾಗಿಲಲ್ಲಿ ನಿಲ್ಲುವುದುಂಟು.

ದೇವರಿಲ್ಲದ ನೀತಿ ಪರದೇಶದ ಸರಕೆಂಬ ಆಕ್ಷೇಪಕ್ಕೆ ಉತ್ತರವನ್ನು ದೂರ ಹುಡುಕಬೇಕಾಗಿಲ್ಲ. ಹೊಸನಗರ ತಾಲ್ಲೂಕಿನ ಹುಂಚದಲ್ಲಿ ಸಾಂತರರ ಕಾಲದಿಂದಲೂ ಜೈನ ಬಸದಿಗಳಿರುವುವು. ಜಗತ್ತನ್ನು ಸೃಷ್ಟಿಸಿದ ಕರ್ತನೊಬ್ಬನಿರುವನೆಂಬುದನ್ನು ಜೈನ ದರ್ಶನವು ಒಪ್ಪುವುದಿಲ್ಲ. ಆದರೂ ಅಹಿಂಸೆಯ ವಿಷಯದಲ್ಲಿ ಅದರಷ್ಟು ಕಠಿಣವಾದ ನೀತಿ ಮತ್ತೊಂದಿಲ್ಲ. ಅಂದಮೇಲೆ ಕರ್ತೃವಿಲ್ಲದೆ ಧರ್ಮ ನಿಲ್ಲಲಾರದೆಂಬ ಮಾತನ್ನು ಈ ನೆಲದ ಕಲ್ಲುಗಳೇ ಸಾವಿರ ವರ್ಷಗಳಿಂದ ಅಲ್ಲಗಳೆಯುತ್ತಿರುವುವು. ಅದೇ ಹುಂಚದಲ್ಲಿ ಪದ್ಮಾವತಿಯ ಮುಂದೆ ವರವನ್ನು ಬೇಡುವ ಸಾಲೂ ಕಾಣುವುದು. ತತ್ತ್ವದಿಂದ ಹೊರಗಿಟ್ಟ ಅಭಯದಾತೆಯು ಬಾಳಿನ ಬಾಗಿಲಿಂದ ಮರಳಿ ಬಂದಳು. ಇದು ಜೈನರ ದೋಷವಲ್ಲ. ಮನುಷ್ಯನ ಸಂಕಟದ ಅಳತೆ. ಮಾನವತೆಯೊಂದನ್ನೇ ನಂಬಿ ಬಾಳುವೆನೆನ್ನುವವನು ಈ ಅಳತೆಯನ್ನು ತಿಳಿದಿರಬೇಕು.

ಶಿವರಾಮ ಕಾರಂತರು ಇದನ್ನು ತಿಳಿದಿದ್ದರು. ೧೯೬೮ರ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯಲ್ಲಿ ಓದುಬರಹವಿಲ್ಲದ ಮುದುಕಿಯೊಬ್ಬಳು ದೇವರುಗಳ ಹುಟ್ಟನ್ನು ಮೊಮ್ಮಗನಿಗೆ ಬಿಡಿಸಿ ಹೇಳುವಳು. ಅವಳಿಗೆ ದೇವರುಗಳು ಮನುಷ್ಯನು ತನ್ನ ಆಸೆ ಅಂಜಿಕೆಗಳಿಂದ ಮಾಡಿಕೊಂಡ ಬೊಂಬೆಗಳು. ಮಾಡಿದವರ ಮೇಲೆ ಅವಳಿಗೆ ಸಿಟ್ಟಿಲ್ಲ, ಕನಿಕರವಿರುವುದು. ಸಂನ್ಯಾಸವನ್ನು ಹಾಡಿ ಹೊಗಳಿ ಸಂಸಾರವನ್ನು ಹಳಿಯುವ ಮಾತನ್ನು ಮಾತ್ರ ಅವಳು ಸಹಿಸುವುದಿಲ್ಲ. ಎಳೆಯ ವಯಸ್ಸಿನಲ್ಲಿಯೇ ವೈಧವ್ಯಕ್ಕೆ ಗುರಿಯಾದವಳ ಬಾಯಿಂದ ಬಾಳಿನ ಸಮರ್ಥನೆ ಹೊರಡುವುದರಲ್ಲಿ ಆ ಕೃತಿಯ ಬಲವಿರುವುದು.

೫

ಇನ್ನು ಮೊದಲಿನ ಪ್ರಶ್ನೆಗೆ ಬರಬಹುದು: ಅಂಜಿಕೆ ಹೋದರೆ ಮೂಗುದಾರ ಯಾವುದು? ಈ ಪ್ರಶ್ನೆಯೊಳಗೆ ಒಂದು ಊಹೆ ಅಡಗಿರುವುದು. ಅಂಜಿಕೆಯಿರುವಾಗ ಮೂಗುದಾರವು ಬಿಗಿಯಾಗಿತ್ತೆಂದು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ೧೯೫೧ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದುದರ ಕಾರಣಗಳಲ್ಲಿ ಮುಖ್ಯವಾದುದು ಕೊಳಗ. ಗೇಣಿಯ ಭತ್ತವನ್ನು ಅಳೆದುಕೊಳ್ಳುವ ಕೊಳಗ ನ್ಯಾಯವಾದ ಅಳತೆಗಿಂತ ಹಿರಿದೆಂಬುದು ರೈತರ ದೂರು. ಅಳೆದುಕೊಂಡ ಮನೆಗಳಲ್ಲಿ ದೇವರ ಪೂಜೆ ತಪ್ಪಿರಲಿಲ್ಲ; ಅಳೆದುಕೊಟ್ಟವರೂ ದೈವಭೀರುಗಳೇ. ದೇವರ ಅಂಜಿಕೆ ಎರಡು ಕಡೆಯಲ್ಲಿಯೂ ಇದ್ದಿತು. ಕೊಳಗವನ್ನು ಮಾತ್ರ ಅದು ತಿದ್ದಲಿಲ್ಲ. ರೈತಸಂಘವನ್ನು ಕಟ್ಟಿದ ಗಣಪತಿಯಪ್ಪನವರೂ, ಆರಗದಲ್ಲಿ ಹುಟ್ಟಿ ಸಮಾಜವಾದಿ ಪಕ್ಷದ ಮುಂದಾಳಾಗಿದ್ದ ಶಾಂತವೇರಿ ಗೋಪಾಲಗೌಡರೂ ಅದನ್ನು ದೇವರ ಎದುರಿಗೆ ಇಡದೆ ಜನರ ಎದುರಿಗೆ ಇಟ್ಟರು. ಕೇಳಿದ ಪ್ರಶ್ನೆ ಪಾಪಪುಣ್ಯದ್ದಲ್ಲ, ಅಳತೆಯದು. ಸೇರಿಗೆ ಸೇರಾಗಿ ಅಳೆಯಿರೆಂಬ ಬೇಡಿಕೆಯಲ್ಲಿ ಮಾನವಧರ್ಮದ ಮೊದಲನೆಯ ಸೂತ್ರವಿರುವುದು: ನನಗೊಂದು ಕೊಳಗ, ನಿನಗೊಂದು ಕೊಳಗವಾಗಬಾರದು.

ಇದಕ್ಕೆ ಎದುರಾದ ವಾದವನ್ನೂ ನ್ಯಾಯವಾಗಿ ನೋಡಬೇಕು. ದೇವರನ್ನು ಬಿಟ್ಟ ಮಾತ್ರಕ್ಕೆ ಕೊಳಗ ನೆಟ್ಟಗಾಗುವುದಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಸ್ಟಾಲಿನ್ನನ ರಷ್ಯಾದಲ್ಲಿ ದೇವಾಲಯಗಳನ್ನು ಮುಚ್ಚಿದ ರಾಜ್ಯವೇ ಅಸಂಖ್ಯ ಜನರನ್ನು ಸೆರೆಗೂ ಸಾವಿಗೂ ದೂಡಿತು. ಅಲ್ಲಿ ದೇವರ ಸಿಂಹಾಸನ ಬರಿದಾಗಿರಲಿಲ್ಲ. ಪಕ್ಷವೊಂದು ಅದರ ಮೇಲೆ ಕುಳಿತಿತ್ತು. ಹಾಗಾದಕಾರಣ ನೀತಿಯ ಗುರುತು ಆಸ್ತಿಕ್ಯವೂ ಅಲ್ಲ, ನಾಸ್ತಿಕ್ಯವೂ ಅಲ್ಲ. ಎದುರಿಗಿರುವ ಮನುಷ್ಯನಿಗಿಂತ ಹಿರಿದೆಂದು ಯಾವುದನ್ನು ಎತ್ತಿ ಹಿಡಿದರೂ, ಅದು ದೇವರಾಗಲಿ, ಜಾತಿಯಾಗಲಿ, ಪಕ್ಷವಾಗಲಿ, ಅದರ ಹೆಸರಿನಲ್ಲಿ ಆ ಮನುಷ್ಯನನ್ನು ತುಳಿಯುವುದು ಸುಲಭವಾಗುವುದು. ಗಾಂಧೀಜಿಯವರು ‘ದೇವರೇ ಸತ್ಯ’ವೆಂಬ ತಮ್ಮ ಮಾತನ್ನು ತಿರುಗಿಸಿ ‘ಸತ್ಯವೇ ದೇವರು’ ಎಂದುದರ ಮರ್ಮ ಇದೇ. ಹಾಗೆ ತಿರುಗಿಸಿದುದರಿಂದಲೇ ಆಂಧ್ರದ ನಾಸ್ತಿಕರಾದ ಗೋರಾ ಅವರೂ ಅವರೊಡನೆ ಕುಳಿತು ಕೆಲಸದ ಮಾತಾಡಲು ಸಾಧ್ಯವಾಯಿತು.

ಇಷ್ಟಾದಮೇಲೂ ಸಾಹಿತ್ಯದ ಮೇಲೆ ಒಂದು ಬಾಕಿ ಉಳಿಯುವುದು. ಮತವನ್ನು ಬಿಟ್ಟವರ ಬಂಡಾಯವನ್ನು ಕನ್ನಡ ಕಾದಂಬರಿ ಚಿತ್ರಿಸಿತು, ಅವರ ಪತನವನ್ನೂ ಪಶ್ಚಾತ್ತಾಪವನ್ನೂ ಚಿತ್ರಿಸಿತು. ಅವರ ಸಾಮಾನ್ಯ ದಿನಗಳನ್ನು, ಅಂದರೆ ದೇವರ ಗೊಡವೆಯಿಲ್ಲದೆ ಬೆಳಗಾಗಿ ಸಂಜೆಯಾಗುವ ನೆಟ್ಟಗಿನ ಬಾಳನ್ನು, ಚಿತ್ರಿಸಿದುದು ವಿರಳ. ಇದಕ್ಕೆ ಬಹು ಸಮೀಪ ಬರುವುದು ತೇಜಸ್ವಿಯವರ ‘ಕರ್ವಾಲೊ’, ೧೯೮೦ರಲ್ಲಿ ಬಂದುದು. ಅಲ್ಲಿ ದೇವರನ್ನು ಯಾರೂ ಬೈಯುವುದಿಲ್ಲ. ದೇವರ ಮಾತೇ ಹೆಚ್ಚಾಗಿ ಬರುವುದಿಲ್ಲ. ವಿದ್ವಾಂಸನಾದ ಕರ್ವಾಲೊ, ಹಳ್ಳಿಯ ಜನ ಕೆಲಸಕ್ಕೆ ಬಾರದವನೆಂದು ತಳ್ಳಿದ ಮಂದಣ್ಣನಲ್ಲಿ ಅಪೂರ್ವವಾದ ಕಣ್ಣೊಂದನ್ನು ಕಾಣುವನು. ಅವನು ಕಷ್ಟಕ್ಕೆ ಸಿಕ್ಕಾಗ ಕೈಬಿಡುವುದಿಲ್ಲ. ಹಾರುವ ಓತಿಯ ಎದುರಿಗೆ ಎಲ್ಲರೂ ಬೆರಗಾಗಿ ನಿಲ್ಲುವರು. ಆ ಬೆರಗಿನಲ್ಲಿ ಜಾತಿಯಿಲ್ಲ, ಭಯವಿಲ್ಲ, ಬೇಡಿಕೆಯೂ ಇಲ್ಲ. ತಂದೆಯ ‘ಪೂರ್ಣ’ವು ಮಗನ ಬರಹದಲ್ಲಿ ಕಾಡಾಗಿ ನಿಂತಿತೆನ್ನಬಹುದು. ಮತವಿಲ್ಲದವನ ಮನಸ್ಸು ಬರಡಾಗುವುದೆಂಬ ಶಂಕೆಗೆ ಇದಕ್ಕಿಂತ ಹಿತವಾದ ಉತ್ತರ ಕನ್ನಡದಲ್ಲಿ ದುರ್ಲಭ.

ಆದರೂ ‘ಕರ್ವಾಲೊ’ವಿನಲ್ಲಿ ಇರುವುದು ಅರಿವಿನ ಹಾದಿಯ ಸಾಹಸ, ಸಾವಿನ ಮನೆಯ ರಾತ್ರಿ ಅಲ್ಲಿಲ್ಲ. ಮಾನವತೆಯ ಒರೆಗಲ್ಲಿರುವುದು ಆ ರಾತ್ರಿಯಲ್ಲಿಯೇ. ಸಂಧ್ಯಾವಂದನೆಯನ್ನು ಬಿಟ್ಟ ಮಗನು ತಂದೆಗೆ ಕೊಡಬೇಕಾದ ಉತ್ತರ ವಾದದಲ್ಲಿಲ್ಲ. ಆಷಾಢದ ಮಳೆಯಲ್ಲಿ, ಸಂಕ ಕೊಚ್ಚಿಹೋದ ಹಳ್ಳದ ಆಚೆಗೆ, ಯಾರೂ ಒಗ್ಗದ ಒಬ್ಬನು ಸತ್ತು ಬಿದ್ದಿರುವನೆಂದು ಸುದ್ದಿ ಬಂದಾಗ ಅವನು ಕಂಬಳಿಕೊಪ್ಪೆ ಹಾಕಿಕೊಂಡು ಎದ್ದು ಹೊರಡುವನೋ ಇಲ್ಲವೋ ಎಂಬುದರಲ್ಲಿ ಉತ್ತರವಿರುವುದು. ಹೊರಟನಾದರೆ ತಂದೆಯು ನಿಶ್ಚಿಂತನಾಗಿರಬಹುದು; ಮಗನು ಇಳಿಸಿದುದು ಎರಡು ಹೊರೆಗಳಲ್ಲಿ ಒಂದನ್ನು ಮಾತ್ರ. ಹೊರಡದಿದ್ದರೆ ಅವನು ದಿನಕ್ಕೆ ಮೂರು ಹೊತ್ತು ಅರ್ಘ್ಯ ಬಿಟ್ಟರೂ ಅಹಮದ್ ಬ್ಯಾರಿಯ ಗಾಡಿ ಅವನಿಗಿಂತ ಮುಂದೆ ಹೋಗಿರುವುದು.